ತಾತ, ಬ್ಯಾಲೆನ್ಸ್ ನೋಡಿದ್ಯಾ?

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಚೆಕ್ಕಿನಲ್ಲಿ ಒಂದು ಅಂಕಿ ತಪ್ಪಿದ್ದರೂ ವಾಪಸು ಕಳಿಸುತ್ತಿದ್ದೆ. ಅಂಥ ನಾನೇ ಮನೆಯ ಎಕ್ಸ್‌ಟೆನ್ಷನ್ ಬಾಕ್ಸಿನ ಹಿಂಭಾಗದಲ್ಲಿದ್ದ ಒಂದು ಸಾಲು ಓದದೆ ದೊಡ್ಡ ತಪ್ಪು ಮಾಡಿದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲನ್ನು ಆ ಬಾಕ್ಸಿಗೆ ಸಿಕ್ಕಿಸಿದ್ದೆ. ಮೊಮ್ಮಗಳು ಯೂನಿಫಾರಂ ಹಿಡಿದು ಬಂದು, "ತಾತ, ಇಸ್ತ್ರಿ ಪೆಟ್ಟಿಗೆ ಎಲ್ಲಿಗೆ ಹಾಕಲಿ?" ಅಂದಳು. "ಪಕ್ಕದ ಪಾಯಿಂಟಿಗೇ ಹಾಕು ಪುಟ್ಟಿ" ಅಂದವನೂ ನಾನೇ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಓಡಿಹೋಗಿ ಗೋಡೆಯ ಸ್ವಿಚ್ ಆರಿಸಿದೆ. ವೈರು ಬಾಕ್ಸಿನೊಳಗೆ ಹೋಗುವ ಮೂಲೆ ಕರಗಿ ಬೆಲ್ಲದ ಪಾಕದಂತಾಗಿತ್ತು. ಮಗುವಿನ ಕೈ ಅಲ್ಲಿಂದ ಒಂದೇ ಗೇಣು ದೂರದಲ್ಲಿತ್ತು.

ಸಂಜೆ ಅವಳು ಕೇಳಿದಳು: "ಇಷ್ಟಾದರೂ ಎಂಸಿಬಿ ಯಾಕೆ ಟ್ರಿಪ್ ಆಗಲಿಲ್ಲ ತಾತ?"

ನಾನು ಓದಿದ್ದು ಬಿ.ಕಾಂ. ಉತ್ತರ ಗೊತ್ತಿರಲಿಲ್ಲ. ಅವಳ ಅಣ್ಣನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆದು ಇಬ್ಬರೂ ಕೂತೆವು.

ಮಕ್ಕಳೇ, ಲೆಕ್ಕ ಸುಲಭ. ವೋಲ್ಟ್ ಎಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ. ಆಂಪಿಯರ್ ಎಂದರೆ ತಂತಿಯಲ್ಲಿ ಹರಿಯುವ ಪ್ರಮಾಣ. ಎರಡನ್ನೂ ಗುಣಿಸಿದರೆ ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. ರೋಧದ ಅಳತೆಗೆ ಓಮ್ ಎಂದು ಹೆಸರು. ಈ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಮೇಷ್ಟ್ರು ಜಾರ್ಜ್ ಸೈಮನ್ ಓಮ್ ಅವರ ಹೆಸರೇ ಅದು.

ಮನೆಗೆ ಬರುವುದು 230 ವೋಲ್ಟ್. ನಮ್ಮ ಕಾಯಿಲ್ 1500 ವ್ಯಾಟ್. 1500ನ್ನು 230ರಿಂದ ಭಾಗಿಸಿದರೆ ಸುಮಾರು 6.5 ಆಂಪಿಯರ್. ಹಾಗಾದರೆ ಕಾಯಿಲಿನ ರೋಧ 230 ÷ 6.5, ಅಂದರೆ ಸುಮಾರು 35 ಓಮ್. ಇಸ್ತ್ರಿ ಪೆಟ್ಟಿಗೆಯ 1000 ವ್ಯಾಟ್ ಸೇರಿಸಿದರೆ ಒಟ್ಟು 2500 ವ್ಯಾಟ್, ಸುಮಾರು 10.9 ಆಂಪಿಯರ್. ಬಾಕ್ಸಿನ ಹಿಂದೆ ಬರೆದಿದ್ದದ್ದು 6 ಆಂಪಿಯರ್! ಎಂಸಿಬಿಯ ಮೇಲೆ 16 ಇತ್ತು. ಗೋಡೆಯೊಳಗಿನ ವೈರನ್ನು ಕಾಯುವುದು ಅದರ ಕೆಲಸ. ಅದರ ಲೆಕ್ಕದಲ್ಲಿ 10.9 ತಪ್ಪೇ ಅಲ್ಲ.

ಮೂಲೆ ಮಾತ್ರ ಕರಗಿದ್ದೇಕೆ? ಅಲ್ಲಿನ ವೈರು ಸಡಿಲವಾಗಿತ್ತು. ಸಡಿಲವಾದ ಜಾಗದಲ್ಲಿ ರೋಧ ಹೆಚ್ಚುತ್ತದೆ. ಅದು ಬರೀ ಅರ್ಧ ಓಮ್ ಎಂದಿಟ್ಟುಕೊಳ್ಳಿ. 10.9ನ್ನು ಅರ್ಧದಿಂದ ಗುಣಿಸಿದರೆ ಸುಮಾರು 5.5 ವೋಲ್ಟ್. ಅದನ್ನು ಮತ್ತೆ 10.9ರಿಂದ ಗುಣಿಸಿದರೆ ಹತ್ತಿರ ಹತ್ತಿರ 60 ವ್ಯಾಟ್. ಹಳೆಯ 60 ವ್ಯಾಟ್ ಬಲ್ಬು ಮುಟ್ಟಿ ಬೆರಳು ಸುಟ್ಟುಕೊಂಡ ಅಜ್ಜ ಅಜ್ಜಿಯರಿಗೆ ಆ ಬಿಸಿ ನೆನಪಿರಬೇಕು. ಅಷ್ಟೂ ಬಿಸಿ ಕಡಲೆಕಾಳಿನಷ್ಟು ಜಾಗದಲ್ಲಿ!

ಈ ಭಾನುವಾರ ನೀವೂ ಲೆಕ್ಕ ಮಾಡಿ. ಸಣ್ಣ ಅಕ್ಷರ ಮಕ್ಕಳು ಓದಲಿ, ಹಿರಿಯರು ಕೂಡಲಿ. ಬಾಕ್ಸಿನ 6 ಆಂಪಿಯರನ್ನು 230ರಿಂದ ಗುಣಿಸಿದರೆ 1380 ವ್ಯಾಟ್. ಅದು ಆ ಬಾಕ್ಸಿನ ಖಾತೆಯಲ್ಲಿರುವ ಬಾಕಿ. ಅದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಕಾಯಿಲ್, ಗೀಸರುಗಳಿಗೆ ಗೋಡೆಯಲ್ಲಿರುವ ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಪಾಯಿಂಟೇ ಸರಿ.

ಹೊಸ ಬಾಕ್ಸಿನ ಮೇಲೆ ಪುಟ್ಟಿ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ 1380 ಎಂದು ಬರೆದಿದ್ದಾಳೆ. ನಾನು ಏನಾದರೂ ಸಿಕ್ಕಿಸಲು ಹೋದರೆ ಅಲ್ಲಿಂದಲೇ ಕೂಗುತ್ತಾಳೆ: "ತಾತ, ಬ್ಯಾಲೆನ್ಸ್ ನೋಡಿದ್ಯಾ?"