ಮೇದೋಜೀರಕದ ಊತ: ಹೊಲದ ಸೊಪ್ಪು ಎಷ್ಟು ಕಾಯುತ್ತೆ?

ಮೂರು ವರ್ಷದ ಹಿಂದೆ, ರಾಗಿ ಕುಯ್ಲಿನ ಹೊತ್ತು. ಒಂದು ರಾತ್ರಿ ಊಟ ಆದ ಮೇಲೆ ನನ್ನ ತಮ್ಮನಿಗೆ ಮೇಲುಹೊಟ್ಟೆ ಹಿಡಿದುಕೊಂಡಿತು. ನೋವು ಬೆನ್ನಿನ ತನಕ ಇರಿಯುತ್ತಿತ್ತು, ಜೊತೆಗೆ ಬಿಡದ ವಾಂತಿ. ಗ್ಯಾಸ್ಟ್ರಿಕ್ ಇರಬೇಕು ಅಂತ ನಾವು ಸೋಡಾ ಕುಡಿಸಿ, ಓಮ ಅಗಿಸಿ ಬೆಳಗಿನ ತನಕ ಕಾದೆವು. ಅದೇ ನಾವು ಮಾಡಿದ ತಪ್ಪು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ಮೇದೋಜೀರಕ ಗ್ರಂಥಿ ಊದಿದೆ ಅಂದ್ರು. ಹನ್ನೊಂದು ದಿನ ಮಲಗಿದ. ಬಿಲ್ಲು ಕಟ್ಟೋಕೆ ಎಂಟು ಕುರಿ ಮಾರಿದೆವು.

ಈ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಇರುತ್ತೆ. ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಮಾಡುವುದೂ ಇದೇ, ಊಟ ಅರಗಿಸುವ ರಸ ಮಾಡುವುದೂ ಇದೇ. ಆ ರಸ ಕರುಳಿಗೆ ಬಂದ ಮೇಲೆ ಚುರುಕಾಗಬೇಕು. ಒಳಗೇ ಚುರುಕಾದರೆ ಗ್ರಂಥಿಯನ್ನೇ ಅರಗಿಸೋಕೆ ಶುರು ಮಾಡುತ್ತೆ. ಹೀಗಾಗೋಕೆ ದೊಡ್ಡ ಕಾರಣ ಎರಡು: ಪಿತ್ತಕೋಶದ ಕಲ್ಲು, ಮತ್ತೆ ಕುಡಿತ. ಬೀಡಿ ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು. ನಮ್ಮ ತಮ್ಮನಿಗೆ ಕುಡಿತವೂ ಇತ್ತು, ಬೀಡಿಯೂ ಇತ್ತು.

ಊತ ಬಂದಾಗ ಗ್ರಂಥಿಯ ಕಣಗಳಲ್ಲಿ ಒಂಥರಾ ತುಕ್ಕು ಹಿಡಿಯುತ್ತೆ. ಮಳೆಯಲ್ಲಿ ಬಿಟ್ಟ ಕುಡುಗೋಲಿನ ಹಾಗೆ ಅನ್ನಿ. ಇದನ್ನು ತಡೆಯುವ ಪದಾರ್ಥಗಳಿಗೆ ಆಂಟಿ ಆಕ್ಸಿಡೆಂಟ್ ಅಂತಾರೆ. ಸಿ ಮತ್ತು ಇ ಜೀವಸತ್ವ, ಬೀಟಾ ಕೆರೋಟಿನ್, ಸೆಲೆನಿಯಂ ಈ ಗುಂಪಿನವು.

ಹಾಗಾದರೆ ಇವನ್ನು ತಿಂದರೆ ಗುಣವಾಗುತ್ತಾ? ನರ್ಸಿಂಗ್ ಓದಿದ ಅಣ್ಣನ ಮಗಳನ್ನು ಕೇಳಿದೆ, ಅವಳು ಓದಿ ಹೇಳಿದಳು. ದೆಹಲಿಯ ಏಮ್ಸ್ ಆಸ್ಪತ್ರೆಯವರು ಹಳೇ ಊತದ 127 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಆರು ತಿಂಗಳು ಈ ಮಾತ್ರೆ ತಿಂದವರಿಗೆ ತಿಂಗಳಲ್ಲಿ ನೋವಿನ ದಿನ ಸರಾಸರಿ 7.4 ಕಮ್ಮಿಯಾಯ್ತು, ಸುಳ್ಳು ಮಾತ್ರೆ ತಿಂದವರಿಗೆ 3.2. ಆದರೆ 2012ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪರೀಕ್ಷೆಯಲ್ಲಿ ನೋವು ಕಮ್ಮಿಯಾಗಲಿಲ್ಲ. ಅಲ್ಲಿನ ರೋಗಿಗಳಲ್ಲಿ ಕುಡಿತದಿಂದ ಬಂದವರೇ ಹೆಚ್ಚು. ಹಾಗಾಗಿ ಡಾಕ್ಟರ್ ಹೇಳದೆ ಮಾತ್ರೆಗೆ ದುಡ್ಡು ಸುರಿಯಬೇಡಿ.

ಊಟದ ವಿಷಯ ಬೇರೆ. ಸ್ವೀಡನ್ ದೇಶದಲ್ಲಿ ಸುಮಾರು 80 ಸಾವಿರ ಜನರ ಊಟದ ಲೆಕ್ಕ ಇಟ್ಟು ಸುಮಾರು ಹನ್ನೆರಡು ವರ್ಷ ಗಮನಿಸಿದರು. ತರಕಾರಿ ಜಾಸ್ತಿ ತಿನ್ನುವವರಲ್ಲಿ ಕಲ್ಲಿನಿಂದಲ್ಲದೆ ಬರುವ ಊತ ಕಮ್ಮಿ ಅಂತ 2013ರಲ್ಲಿ ತಿಳಿಸಿದರು. ತರಕಾರಿಯೇ ಕಾಯಿತು ಅಂತ ಇದರಿಂದ ಸಾಬೀತಾಗಲ್ಲ. ಆದರೂ ಸೊಪ್ಪು ತರಕಾರಿ ತಿನ್ನೋದರಿಂದ ನಷ್ಟವೇನೂ ಇಲ್ಲ.

ನಮ್ಮ ಹೊಲದಲ್ಲಿ ಏನಿಲ್ಲ ಹೇಳಿ? ನುಗ್ಗೆ, ಕೀರೆ, ಹೊನಗನ್ನೆ, ಅಣ್ಣೆ, ಗೋಣಿ ಸೊಪ್ಪು ಎಲ್ಲಾ ಇದ್ದವು. ನಮ್ಮವ್ವ ಮಳೆಗಾಲದಲ್ಲಿ ದಿನಾ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಕಳೆ ಔಷಧಿ ಹೊಡೆಯೋಕೆ ಶುರು ಮಾಡಿದ ಮೇಲೆ ಅದೆಲ್ಲಾ ಹೋಯ್ತು. ಸೊಪ್ಪನ್ನು ನಾವೇ ಕೊಂದು ಸಂತೆಯಲ್ಲಿ ದುಡ್ಡು ಕೊಟ್ಟು ತರೋ ಹಾಗಾಯ್ತು. ಎರಡು ವರ್ಷದಿಂದ ಅರ್ಧ ಎಕರೆಗೆ ಔಷಧಿ ಬಿಟ್ಟು ಕುಂಟೆ ಹೊಡೆದು, ಕೈಯಲ್ಲಿ ಕಳೆ ತೆಗೆಸುತ್ತಿದ್ದೇನೆ. ಬದುವಿನಲ್ಲಿ ಆರು ನುಗ್ಗೆ ಕೊಂಬೆ ಊರಿದೆ, ನಾಲ್ಕು ಚಿಗುರಿದವು. ಅಣ್ಣೆ, ಗೋಣಿ ತಾವಾಗೇ ಬಂದವು. ಔಷಧಿ ಹೊಡೆದ ಹೊಲದ ಸೊಪ್ಪನ್ನಂತೂ ಕುಯ್ಯಬೇಡಿ.

ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಬಸ್ಸಾರು ಮಾಡಿ. ಬೆಂದಾಗ ಸಿ ಜೀವಸತ್ವ ಕಮ್ಮಿಯಾಗುತ್ತೆ. ಅದಕ್ಕೆ ಉಣ್ಣುವಾಗ ನಿಂಬೆಹಣ್ಣು ಹಿಂಡಿ, ಇಲ್ಲವೇ ಒಂದು ನೆಲ್ಲಿಕಾಯಿ ತಿನ್ನಿ. ಕಡಲೆಕಾಯಲ್ಲಿ ಇ ಜೀವಸತ್ವ ಇದೆ. ಆದರೆ ಊತ ಬಂದವರು ಎಣ್ಣೆ ಜಿಡ್ಡು ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಕುಡಿತ ಬಿಡದೆ ಸೊಪ್ಪು ತಿಂದರೆ ಒಡೆದ ಕೆರೆ ಏರಿಗೆ ಬೊಗಸೆ ಮಣ್ಣು ಹಾಕಿದ ಹಾಗೆ. ತಮ್ಮ ಆಸ್ಪತ್ರೆಯಿಂದ ಬಂದ ಮೇಲೂ ಒಂದು ಹಬ್ಬಕ್ಕೆ ಕುಡಿದ, ಮತ್ತೆ ಐದು ದಿನ ಮಲಗಿದ. ಆಮೇಲೆ ಮುಟ್ಟಿಲ್ಲ, ಬೀಡಿಯನ್ನೂ ಬಿಟ್ಟ. ಈ ಸಲ ರಾಗಿ ಕುಯ್ಲಿಗೆ ನನ್ನ ಪಕ್ಕದ ಸಾಲಿನಲ್ಲೇ ಇದ್ದ.

ನಿಮ್ಮ ಮನೇಲಿ ಯಾರಿಗಾದರೂ ಮೇಲುಹೊಟ್ಟೆ ನೋವು ಬೆನ್ನಿಗೆ ಹೋಗಿ, ವಾಂತಿ ನಿಲ್ಲದಿದ್ದರೆ ನಮ್ಮ ಹಾಗೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಗಾಡಿ ಕಟ್ಟಿಸಿ.