ಯುದ್ಧ ನಿಲ್ಲೋವರೆಗೆ ಕಾಯದವರು

ಕೆಲಸ ಮುಗಿಸಿ ಫೋನ್ ತೆಗೆದ್ರೆ ಬರೀ ಯುದ್ಧ, ಹಸಿವು. "ನಾನು ಕೊಡೋ ತಿಂಗಳ ಐನೂರು ರೂಪಾಯಿಂದ ಏನಾಗುತ್ತೆ?" ಅನ್ನಿಸುತ್ತೆ, ಅಲ್ವಾ? ಹಾಗಾದ್ರೆ ನಾರುಹುಣ್ಣಿನ ಕಥೆ ಕೇಳಿ.

ಕೆರೆ ನೀರು ಕುಡಿದು ವರ್ಷದ ಮೇಲೆ ಕಾಲಿನಿಂದ ಮೊಳಕ್ಕೂ ಉದ್ದದ ಹುಳು ಹೊರಬರುವ ರೋಗ ಇದು. ಲಸಿಕೆ ಇಲ್ಲ, ಮದ್ದೂ ಇಲ್ಲ. 1986ರಲ್ಲಿ ಸುಮಾರು 35 ಲಕ್ಷ ಜನರಿಗಿತ್ತು. ಉಪಾಯ ಸರಳ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯೋದು, ಹುಣ್ಣಾದವರು ಕೆರೆಗೆ ಇಳಿಯದಿರೋದು. ಆದ್ರೆ ಮನೆಮನೆಗೆ ಹೋಗಿ ಹೇಳಬೇಕು.

1995ರಲ್ಲಿ ಸುಡಾನಿನ ಅಂತರ್ಯುದ್ಧದ ನಡುವೆ ಜಿಮ್ಮಿ ಕಾರ್ಟರ್ ಎರಡೂ ಕಡೆಯವರನ್ನ ಒಪ್ಪಿಸಿ ಕದನವಿರಾಮ ಮಾಡಿಸಿದ್ರು. ಆ ಕೆಲವೇ ತಿಂಗಳಲ್ಲಿ ಕಾರ್ಯಕರ್ತರು ಸೋಸುಬಟ್ಟೆ ಹಂಚಿದ್ರು. ಯುದ್ಧ ಮತ್ತೆ ಶುರುವಾಯ್ತು, ಕೆಲಸ ಬಿಡಲಿಲ್ಲ. ಭಾರತ 2000ದಲ್ಲೇ ಮುಕ್ತವಾಯ್ತು. 2024ರಲ್ಲಿ ಇಡೀ ಜಗತ್ತಿನಲ್ಲಿ ಪತ್ತೆಯಾದದ್ದು 15 ಜನರಲ್ಲಿ ಮಾತ್ರ.

ಭರವಸೆ ಬಂದಮೇಲೆ ಕೆಲಸ ಅಲ್ಲ; ಕೆಲಸ ಮಾಡ್ತಾ ಮಾಡ್ತಾ ಭರವಸೆ. ಆ ಐನೂರು ನಿಲ್ಲಿಸಬೇಡಿ.