ಕೇಳುವ ಸಭೆ: ಯೆಹೂದ್ಯ ಪ್ರಾರ್ಥನಾಮಂದಿರ ಮತ್ತು ವಯಸ್ಕರ ಕಲಿಕೆ

ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಒಂದು ಸಂಜೆ ಮನೆಯ ಪ್ರಾರ್ಥನೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಫಾದರ್, ಹುಡುಗೂರಿಗೆ ಧರ್ಮೋಪದೇಶ ಐತಿ. ನಮ್ಮಂಥಾವ್ರು ಯಾವಾಗ ಕಲೀಬೇಕ್ರೀ?” ಭಾನುವಾರದ ಪ್ರಬೋಧನೆ ಇದೆಯಲ್ಲ ಎಂದೆ. ಅವರು ನಕ್ಕರು. “ಅಲ್ಲಿ ಕೇಳಾಕ ಬರ್ತೈತ್ರೀ, ತಿರುಗಿ ಕೇಳಾಕ ಬರಾಂಗಿಲ್ಲ.”

ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಕನ್ನಡದಲ್ಲಿ ಇರುವುದು ಒಂದೇ ಕ್ರಿಯಾಪದ. ಹನ್ನೆರಡು ವರ್ಷದ ಬಾಲಯೇಸು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಮಾಡುತ್ತಿದ್ದುದೂ ಇವೆರಡನ್ನೇ ಎಂದು ಸಂತ ಲೂಕ ಬರೆಯುತ್ತಾರೆ (2:46). ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲನೆಯ ಕೇಳುವಿಕೆ ಉಳಿದಿದೆ. ಎರಡನೆಯದು ದೃಢೀಕರಣ ಸಂಸ್ಕಾರದೊಡನೆ ಮುಗಿದುಹೋಗುತ್ತದೆ. ಆದುದರಿಂದ ಪ್ರಭುಯೇಸು ಸಬ್ಬತ್ ದಿನದಂದು ವಾಡಿಕೆಯಂತೆ ಹೋಗುತ್ತಿದ್ದ ಪ್ರಾರ್ಥನಾಮಂದಿರವನ್ನು, ಅಲ್ಲಿನ ವಯಸ್ಕರ ಕಲಿಕೆಯ ಕ್ರಮವನ್ನು ಅರಿಯುವುದು ಗುರುಗಳಿಗೂ ಗುರುಮಠದ ವಿದ್ಯಾರ್ಥಿಗಳಿಗೂ ಉಪಯುಕ್ತವೆಂದು ಭಾವಿಸುತ್ತೇನೆ.

ಮೂರು ಹೆಸರಿನ ಒಂದು ಮನೆ

ಯೆಹೂದ್ಯರು ಪ್ರಾರ್ಥನಾಮಂದಿರವನ್ನು ಹಿಬ್ರೂ ಭಾಷೆಯಲ್ಲಿ ಮೂರು ಬಗೆಯಾಗಿ ಕರೆಯುತ್ತಾರೆ: ‘ಬೇತ್ ಕ್ನೆಸೆತ್’ ಎಂದರೆ ಸಭೆ ಸೇರುವ ಮನೆ, ‘ಬೇತ್ ತೆಫಿಲ್ಲಾ’ ಎಂದರೆ ಪ್ರಾರ್ಥನೆಯ ಮನೆ, ‘ಬೇತ್ ಮಿದ್ರಾಶ್’ ಎಂದರೆ ಅಧ್ಯಯನದ ಮನೆ. ಕಲಿಕೆಯು ಆರಾಧನೆಗೆ ಆಮೇಲೆ ಸೇರಿಸಿದ ಕಾರ್ಯಕ್ರಮವಲ್ಲ. ಜೆರುಸಲೇಮಿನಲ್ಲಿ 1913ರಲ್ಲಿ ದೊರೆತ ಥಿಯೊಡೋಟಸನ ಗ್ರೀಕ್ ಶಾಸನವು ಇದಕ್ಕೆ ಪುರಾತನ ಸಾಕ್ಷಿ. ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಕ್ರಿ.ಶ. 70ಕ್ಕಿಂತ ಹಿಂದಿನದೆಂದು ಎಣಿಸುತ್ತಾರೆ. ಧರ್ಮಶಾಸ್ತ್ರವನ್ನು ಓದುವುದಕ್ಕೂ ಆಜ್ಞೆಗಳನ್ನು ಕಲಿಸುವುದಕ್ಕೂ ಆ ಮಂದಿರವನ್ನು ಕಟ್ಟಿಸಿದ್ದಾಗಿ ಶಾಸನ ತಿಳಿಸುತ್ತದೆ. ಪರಸ್ಥಳದವರಿಗಾಗಿ ವಸತಿಯನ್ನೂ ನೀರಿನ ಅನುಕೂಲವನ್ನೂ ಉಲ್ಲೇಖಿಸುತ್ತದೆ. ಗಮನಾರ್ಹವಾದುದೆಂದರೆ, ಪ್ರಾರ್ಥನೆಯ ಮಾತು ಅದರಲ್ಲಿ ಬರುವುದೇ ಇಲ್ಲ.

ಕಲಿಕೆಯ ಕ್ರಮವೂ ಸಮುದಾಯದ ಬಾಳಿನೊಳಗೇ ಹೆಣೆದುಕೊಂಡಿದೆ. ತೋರಾ ಗ್ರಂಥವನ್ನು 54 ಭಾಗಗಳನ್ನಾಗಿ ಮಾಡಿ ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ. ಮುಗಿಸುವ ಹಬ್ಬದ ದಿನವೇ ಆದಿಕಾಂಡದ ಮೊದಲ ಅಧ್ಯಾಯವನ್ನು ಮತ್ತೆ ಆರಂಭಿಸುತ್ತಾರೆ. ಇಲ್ಲಿ ಓದಿ ಮುಗಿಸಿದವರು ಎಂಬವರಿಲ್ಲ. ಸಬ್ಬತ್ ದಿನ ಬೆಳಿಗ್ಗೆ ಸಭೆಯಿಂದ ಏಳು ಮಂದಿಯನ್ನು ಒಬ್ಬರ ನಂತರ ಒಬ್ಬರಂತೆ ಗ್ರಂಥದ ಬಳಿಗೆ ಕರೆಯುತ್ತಾರೆ. ಪೂರ್ಣ ಸಾಮೂಹಿಕ ಪ್ರಾರ್ಥನೆಗೆ ಬೇಕಾಗುವುದು ಹತ್ತು ಮಂದಿ ವಯಸ್ಕರೇ ಹೊರತು ರಬ್ಬಿಯಲ್ಲ. ಸಾಂಪ್ರದಾಯಿಕ ಸಭೆಗಳು ಪುರುಷರನ್ನು ಮಾತ್ರ ಎಣಿಸಿದರೆ ಬೇರೆ ಕೆಲವು ಪಂಗಡಗಳು ಸ್ತ್ರೀಯರನ್ನೂ ಎಣಿಸುತ್ತವೆ. ಅಧ್ಯಯನವು ಬಹುಮಟ್ಟಿಗೆ ಜೋಡಿಯಲ್ಲಿ ನಡೆಯುತ್ತದೆ: ಒಬ್ಬರು ಓದಿ ಅರ್ಥ ಹೇಳುತ್ತಾರೆ, ಇನ್ನೊಬ್ಬರು ಆಕ್ಷೇಪಿಸುತ್ತಾರೆ. ‘ಹವ್ರೂತಾ’ ಎಂಬ ಈ ಪದ್ಧತಿಯ ಹೆಸರಿನ ಅರ್ಥ ಸಖ್ಯ.

ಮೈಸೂರಿನ ಸೆರೆಯಿಂದ ಮುಂಬಯಿಯ ಮಂದಿರಕ್ಕೆ

ಇದು ನಮಗೆ ದೂರದ ಸಂಗತಿಯಲ್ಲ. ಕೊಂಕಣ ತೀರದ ಬೆನೆ ಇಸ್ರಯೇಲ್ ಸಮುದಾಯದವರು ಗಾಣದ ಕಸುಬಿನವರು. ಶನಿವಾರ ಗಾಣ ಹೂಡದ ಕಾರಣ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಅವರ ಬಳಿ ತೋರಾ ಗ್ರಂಥವಿರಲಿಲ್ಲ, ರಬ್ಬಿಗಳಿರಲಿಲ್ಲ. ಹಿಬ್ರೂ ಭಾಷೆಯೂ ಮರೆತುಹೋಗಿತ್ತು. ಸಬ್ಬತ್, ಸುನ್ನತಿ, ಆಹಾರದ ಕೆಲವು ನಿಯಮಗಳು, ಇವುಗಳೊಡನೆ ‘ಶೆಮಾ’ ಎಂಬ ಪ್ರಾರ್ಥನೆ ಮಾತ್ರ ಉಳಿದಿತ್ತು. ಜನನ, ಮದುವೆ, ಮರಣ ಎಲ್ಲದಕ್ಕೂ ಅದೊಂದನ್ನೇ ಹೇಳುತ್ತಿದ್ದರು. ‘ಶೆಮಾ’ ಎಂದರೆ ‘ಕೇಳು’.

ಆ ಸಮುದಾಯದ ಸ್ಯಾಮ್ಯುವೆಲ್ ಎಝೆಕಿಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ದೇಶೀಯ ಅಧಿಕಾರಿಯಾಗಿದ್ದರು. ಮೈಸೂರು ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನನ ಸೆರೆಯಾಳಾದರೆಂದೂ, ಜೀವಂತ ಮರಳಿದ ಕೃತಜ್ಞತೆಗಾಗಿ ಮಂದಿರ ಕಟ್ಟಿಸಿದರೆಂದೂ ಸಮುದಾಯದ ಪರಂಪರೆ ಹೇಳುತ್ತದೆ. 1796ರಲ್ಲಿ ಸ್ಥಾಪನೆಯಾದ ಮುಂಬಯಿಯ ಆ ಮೊದಲ ಪ್ರಾರ್ಥನಾಮಂದಿರದ ಹೆಸರು ‘ಶಾಅರ್ ಹರಹಮೀಮ್’, ಅಂದರೆ ಕರುಣೆಯ ದ್ವಾರ. ಕನ್ನಡ ನಾಡಿನ ಸೆರೆವಾಸದ ನೆನಪು ಹೀಗೆ ಒಂದು ಪ್ರಾರ್ಥನಾಮಂದಿರದ ಅಡಿಗಲ್ಲಿನಲ್ಲಿದೆ.

ಕಟ್ಟಡವಾಯಿತು, ಓದಬಲ್ಲವರು ಬೇಕಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯ ಯೆಹೂದ್ಯರು ಬೋಧಕರಾಗಿ ಬಂದು ಆರಾಧನಾಕ್ರಮವನ್ನು ಕಲಿಸಿದರು. ಪ್ರಾರ್ಥನೆಗಳು ಮರಾಠಿಗೆ ಅನುವಾದವಾದವು. 1880ರ ಸುಮಾರಿಗೆ ಸಮುದಾಯದ ಕೆಲವರು ಮಹಾರಾಷ್ಟ್ರದ ಕೀರ್ತನ ಪದ್ಧತಿಯನ್ನೇ ತೆಗೆದುಕೊಂಡು, ಅಬ್ರಹಾಮ, ಜೋಸೆಫ, ಮೋಶೆಯರ ಕಥೆಗಳನ್ನು ಮರಾಠಿಯಲ್ಲಿ ಹಾಡಿ ವಿವರಿಸತೊಡಗಿದರು. ಅಕ್ಷರ ಬಾರದ ವಯಸ್ಕರಿಗೂ ಪವಿತ್ರ ಗ್ರಂಥ ದಕ್ಕಿತು. ಶ್ರಾವಣದಲ್ಲಿ ಹೊಲದ ಕೆಲಸ ಮುಗಿಸಿ ಬಂದು ಮಠದಂಗಳದಲ್ಲಿ ತಿಂಗಳುಗಟ್ಟಲೆ ಪುರಾಣ ಕೇಳುವ ನಮ್ಮ ಗದಗ ಸೀಮೆಯ ಜನಕ್ಕೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆಮಾಚಬಾರದು. ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ ಈ ಸಮುದಾಯಕ್ಕಾಗಿ ಮರಾಠಿಯಲ್ಲಿ ಹಿಬ್ರೂ ವ್ಯಾಕರಣವನ್ನು ರಚಿಸಿದರು. ಮಿಷನ್ ಶಾಲೆಗಳಲ್ಲಿ ಅವರ ಮಕ್ಕಳು ಕಲಿತರು. ಮಿಷನರಿಗಳು ಬಯಸಿದ್ದು ಮತಾಂತರವನ್ನು. ಆದರೆ ಕ್ರೈಸ್ತರಾದವರು ತೀರ ಕಡಮೆ; ಕಲಿತ ಹಿಬ್ರೂ ಅವರನ್ನು ಅವರ ಸ್ವಂತ ವಿಶ್ವಾಸದಲ್ಲೇ ಬೇರೂರಿಸಿತು. ಇದನ್ನು ಸೋಲೆಂದು ಬಗೆಯಬೇಕೆ? ಯೆಹೂದ್ಯರಿಗೆ ದೇವರು ಕೊಟ್ಟ ವರಗಳೂ ಕರೆಯೂ ರದ್ದಾಗುವಂಥವಲ್ಲವೆಂಬ ಸಂತ ಪೌಲರ ಬೋಧನೆಯನ್ನು (ರೋಮ 11:29) ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಎತ್ತಿಹಿಡಿದಿದೆ. ಆದುದರಿಂದ ಪ್ರಾರ್ಥನಾಮಂದಿರವನ್ನು ನಮ್ಮ ದೇವಾಲಯದ ಹಳೆಯ ಕರಡು ಪ್ರತಿಯೆಂಬಂತೆ ಬೋಧಿಸುವುದು ತಪ್ಪು. ಅದು ಇಂದಿಗೂ ಬಾಳುತ್ತಿರುವ ವಿಶ್ವಾಸದ ಮನೆ. ನಾವು ಅಲ್ಲಿ ಕಲಿಯಲು ಬಂದ ಅತಿಥಿಗಳು.

ನಮ್ಮ ಪಾಲಿನ ಕೆಲಸ

ಸಂತ ಎರಡನೆಯ ಜಾನ್ ಪೌಲರು 1979ರ ‘ಕತೆಕೇಸಿ ತ್ರದೆಂದೆ’ ಪತ್ರದಲ್ಲಿ ವಯಸ್ಕರ ಧರ್ಮೋಪದೇಶವನ್ನೇ ಧರ್ಮೋಪದೇಶದ ಪ್ರಧಾನ ರೂಪವೆಂದು ಕರೆದರು. ನಮ್ಮಲ್ಲಿ ಅದು ಇನ್ನೂ ಹೆಚ್ಚಾಗಿ ಕಾಗದದಲ್ಲೇ ಇದೆ. ಬಲಿಪೂಜೆಗೆ ಗುರು ಅನಿವಾರ್ಯ. ಶುಭಸಂದೇಶವನ್ನು ಕೂಡಿ ಓದಲು ಅಲ್ಲ. ಗುರುಗಳು ಬರುವುದೇ ಅಪರೂಪವಾದ ಊರುಗಳಲ್ಲಿ ಈ ವ್ಯತ್ಯಾಸವೇ ಸಮುದಾಯವನ್ನು ಉಳಿಸಬಲ್ಲದು. ನಾಲ್ಕೈದು ಮನೆಗಳವರು ವಾರಕ್ಕೊಮ್ಮೆ ಕೂಡಿ, ಮುಂದಿನ ಭಾನುವಾರದ ವಾಚನವನ್ನು ಇಬ್ಬಿಬ್ಬರಾಗಿ ಓದಿ, ತಿಳಿಯದುದನ್ನು ಬರೆದಿಡಲಿ. ಓದು ಬಾರದವರಿಗೆ ಜೊತೆಗಾರರು ಓದಿ ಹೇಳಲಿ. ಗುರುಗಳ ಪ್ರಬೋಧನೆ ಆ ಪ್ರಶ್ನೆಗಳಿಂದಲೇ ಆರಂಭವಾಗಲಿ.

ಇದಕ್ಕೆ ಮೊದಲು ಸಿದ್ಧರಾಗಬೇಕಾದವರು ಜನರಲ್ಲ, ನಾವು. ಗುರುಮಠದಲ್ಲಿ ಉತ್ತರ ಕೊಡುವುದನ್ನು ವರ್ಷಾನುಗಟ್ಟಲೆ ಕಲಿಸುತ್ತೇವೆ. ಪ್ರಶ್ನೆಯೊಂದರ ಮುಂದೆ ಆತುರಪಡದೆ ಕೂರುವುದನ್ನು, ‘ನನಗೂ ತಿಳಿಯದು, ಕೂಡಿ ನೋಡೋಣ’ ಎನ್ನುವುದನ್ನು ಕಲಿಸುತ್ತೇವೆಯೇ? ಹೊಳೆಆಲೂರಿನ ಆ ಹಿರಿಯರಿಗೆ ಅಂದು ನಾನು ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಮುಂದಿನ ಬಾರಿ ಹೋದಾಗ ಅವರ ಪಕ್ಕದಲ್ಲಿ ಕುಳಿತು, ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು, ಮೊದಲು ಅವರನ್ನೇ ಕೇಳಬೇಕೆಂದಿದ್ದೇನೆ.